ವಾಟ್ಸ್‌ಆ್ಯಪ್‌ನಲ್ಲಿ 35(3) ನೋಟಿಸ್ ಬಂದಿದೆ: ಠಾಣೆಗೆ ಹೋಗಬೇಕಾ, ಮೊದಲು ಬೇಲ್ ಮಾಡಿಸಬೇಕಾ?

ಹೊಲದಬದು:
ಬದುವಿನ ವಿಷಯಕ್ಕೆ ಪಕ್ಕದ ಹೊಲದವರ ಜೊತೆ ಗಲಾಟೆ ಆಗಿ, ಅವರು ಕೊಟ್ಟ ದೂರಿನ ಮೇಲೆ ಎಫ್‌ಐಆರ್ ಆಗಿದೆ. ಅಣ್ಣ ಎ1 (ಒಂದನೇ ಆರೋಪಿ), ಅಪ್ಪ ಎ2. ಹಾಕಿರೋ ಕಲಂಗಳು ಬಿಎನ್‌ಎಸ್ (ಐಪಿಸಿ ಬದಲು ಬಂದ ಹೊಸ ಕಾನೂನು) 115(2), 118(1), 126(2), 351(2), 352, ಜೊತೆಗೆ 3(5). ಅಪ್ಪನಿಗೆ 64 ವರ್ಷ, ಶುಗರ್ ಇದೆ. ನಿನ್ನೆ ಠಾಣೆಯವರು ಅಣ್ಣನ ವಾಟ್ಸ್‌ಆ್ಯಪ್‌ಗೆ ನೋಟಿಸ್‌ನ ಫೋಟೊ ಕಳಿಸಿದ್ದಾರೆ. ಬಿಎನ್‌ಎಸ್‌ಎಸ್ (ಸಿಆರ್‌ಪಿಸಿ ಬದಲು ಬಂದ ಹೊಸ ಕಾನೂನು) 35(3) ಅಂತಿದೆ, ಮೂರು ದಿನದೊಳಗೆ ಹಾಜರಾಗಬೇಕಂತೆ. ಎಫ್‌ಐಆರ್ ಪ್ರತಿ ಕೈಗೆ ಸಿಕ್ಕಿಲ್ಲ. ಅಮ್ಮನೂ ಠಾಣೆಗೆ ಬಂದು ಹೇಳಿಕೆ ಕೊಡಲಿ ಅಂತ ಫೋನ್ ಮಾಡಿದ್ದರು.

ಊರಲ್ಲಿ ಒಬ್ಬರು "ಹೋದರೆ ಕೂರಿಸಿಕೊಂಡು ಒಳಗೆ ಹಾಕ್ತಾರೆ, ಬೇಲ್ ಆಗೋವರೆಗೂ ಊರು ಬಿಡಿ" ಅಂತಾರೆ. ಇನ್ನೊಬ್ಬರು "ವಾಟ್ಸ್‌ಆ್ಯಪ್ ನೋಟಿಸ್‌ಗೆ ಬೆಲೆನೇ ಇಲ್ಲ, ಸುಮ್ನಿರಿ" ಅಂತಾರೆ. ಯಾವುದು ಸರಿ? ನಮ್ಮ ಕಡೆಯವರಿಗೂ ಪೆಟ್ಟು ಬಿದ್ದಿದೆ, ನಮ್ಮ ದೂರನ್ನ ಮಾತ್ರ ತಗೊಂಡಿಲ್ಲ. ತಿಳಿದವರು ಹೇಳಿ.

ಕಪ್ಪುಕೋಟು:
ಎರಡೂ ಸಲಹೆ ಕೇಳಬೇಡಿ. ಊರು ಬಿಟ್ಟರೆ ಕೇಸ್ ಡೈರಿಯಲ್ಲಿ "ಆರೋಪಿಗಳು ತಲೆಮರೆಸಿಕೊಂಡಿದ್ದಾರೆ" ಎಂಬ ಸಾಲು ಬೀಳುತ್ತದೆ. ಮುಂದೆ ಜಾಮೀನು ಅರ್ಜಿಗೆ ಸರ್ಕಾರಿ ವಕೀಲರು ತಕರಾರು ಹಾಕುವಾಗ ಮೊದಲು ಓದುವುದೇ ಆ ಸಾಲನ್ನು.

ಮೊದಲು ಕಲಂಗಳನ್ನು ನೋಡೋಣ. 115(2) ಸಾದಾ ಗಾಯ, ಒಂದು ವರ್ಷದವರೆಗೆ. 126(2) ದಾರಿ ತಡೆದದ್ದು, ಒಂದು ತಿಂಗಳು. 351(2) ಬೆದರಿಕೆ, 352 ಬೈಗುಳ, ಎರಡಕ್ಕೂ ಗರಿಷ್ಠ ಎರಡು ವರ್ಷ. ಇವೆಲ್ಲ ಜಾಮೀನು ಕೊಡಲೇಬೇಕಾದ ಅಪರಾಧಗಳು. 3(5) ಪ್ರತ್ಯೇಕ ಅಪರಾಧವಲ್ಲ, ಒಂದೇ ಉದ್ದೇಶದಿಂದ ಸೇರಿ ಮಾಡಿದರು ಎನ್ನಲು ಹಾಕುವುದು. ತೂಕ ಇರುವುದು 118(1)ಕ್ಕೆ ಮಾತ್ರ: ಮಚ್ಚು, ರಾಡು, ಗುದ್ದಲಿಯಂಥ ಅಪಾಯಕಾರಿ ವಸ್ತುವಿನಿಂದ ಗಾಯ. ಮೂರು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಇದು ಜಾಮೀನುರಹಿತ. ಬದುವಿನ ಜಗಳದ ದೂರುಗಳಲ್ಲೆಲ್ಲ ಒಂದು ಮಚ್ಚು ಬಂದು ಕೂರುವುದು ಇದೇ ಕಾರಣಕ್ಕೆ.

ಆದರೆ ಜಾಮೀನುರಹಿತ ಎಂದ ಮಾತ್ರಕ್ಕೆ ಬಂಧಿಸಲೇಬೇಕೆಂದಿಲ್ಲ. ಏಳು ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ ಬಂಧನ ಯಾಕೆ ಅಗತ್ಯ ಎಂದು ತನಿಖಾಧಿಕಾರಿ ಕಾರಣ ಬರೆಯಬೇಕು. ಅಗತ್ಯವಿಲ್ಲದಿದ್ದರೆ 35(3) ನೋಟಿಸ್ ಕೊಟ್ಟು ಕರೆಯಬೇಕು. ಸುಪ್ರೀಂ ಕೋರ್ಟ್‌ನ 2014ರ ಅರ್ನೇಶ್ ಕುಮಾರ್ ತೀರ್ಪು ಹೇಳಿದ್ದು ಇದನ್ನೇ. ಆಗ ಇದು ಸಿಆರ್‌ಪಿಸಿ 41ಎ ಆಗಿತ್ತು. ನೋಟಿಸ್‌ನಂತೆ ಹಾಜರಾಗುತ್ತಿದ್ದರೆ 35(5)ರ ಪ್ರಕಾರ, ಕಾರಣ ಬರೆದಿಡದೆ ಬಂಧಿಸುವಂತಿಲ್ಲ. ಹಾಜರಾಗದಿದ್ದರೆ 35(6) ಬಂಧನಕ್ಕೆ ದಾರಿ ತೆರೆಯುತ್ತದೆ. ಅಂದರೆ ಆ ನೋಟಿಸ್ ನಿಮ್ಮ ಅಣ್ಣನ ರಕ್ಷಣೆಯೂ ಹೌದು.

ವಾಟ್ಸ್‌ಆ್ಯಪ್ ವಿಚಾರ: ಸತೇಂದರ್ ಕುಮಾರ್ ಆಂಟಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಜನವರಿ 21ರಂದು ಈ ನೋಟಿಸ್‌ಗಳನ್ನು ವಾಟ್ಸ್‌ಆ್ಯಪ್‌ನಂಥ ವಿದ್ಯುನ್ಮಾನ ಮಾರ್ಗದಲ್ಲಿ ಜಾರಿ ಮಾಡುವಂತಿಲ್ಲ ಎಂದಿತು. ಅದನ್ನು ಸಡಿಲಿಸಿ ಎಂದು ಹರಿಯಾಣ ಸರ್ಕಾರ ಹೋದಾಗ ಅದೇ ವರ್ಷ ಜುಲೈನಲ್ಲಿ ನಿರಾಕರಿಸಿತು. ನಮ್ಮ ಹೈಕೋರ್ಟ್ 2024ರಲ್ಲೇ ನೋಟಿಸ್‌ನಲ್ಲಿ ಅಪರಾಧ ಸಂಖ್ಯೆ, ಕಲಂ ಇರಬೇಕು, ಎಫ್‌ಐಆರ್ ಪ್ರತಿ ಲಗತ್ತಿಸಿರಬೇಕು ಎಂದಿದೆ. ಹಾಗಾಗಿ ಜಾರಿ ಸರಿಯಿಲ್ಲ, ನಿಜ. ಆದರೂ ಸುಮ್ಮನಿರಬೇಡಿ. ಅಣ್ಣ ಮತ್ತು ಅಪ್ಪ ಒಂದೊಂದು ಪತ್ರ ಬರೆಯಲಿ: ಇಂಥ ದಿನ ಮೊಬೈಲಿಗೆ ಬಂದ ಚಿತ್ರದಿಂದ ವಿಷಯ ತಿಳಿಯಿತು, ತನಿಖೆಗೆ ಸಹಕರಿಸುತ್ತೇವೆ, ಕಾನೂನಿನಂತೆ ನೋಟಿಸ್ ಹಾಗೂ ಎಫ್‌ಐಆರ್ ಪ್ರತಿ ಕೊಡಿ, ನಮ್ಮ ವಿಳಾಸ ಇದು. ಒಂದು ಪ್ರತಿ ಠಾಣೆಗೆ ಕೊಟ್ಟು ಇನ್ನೊಂದರ ಮೇಲೆ ಸೀಲು ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ, ಡಿವೈಎಸ್ಪಿ ಕಚೇರಿಗೂ ಒಂದು ಪ್ರತಿ ಹೋಗಲಿ.

ಎಫ್‌ಐಆರ್‌ಗೆ ಕಾಯಬೇಕಾಗಿಲ್ಲ. ರಾಜ್ಯ ಪೊಲೀಸ್ ಜಾಲತಾಣದಲ್ಲಿ ಜಿಲ್ಲೆ, ಠಾಣೆ, ಅಪರಾಧ ಸಂಖ್ಯೆ, ವರ್ಷ ಹಾಕಿದರೆ ಸಿಗುತ್ತದೆ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣ ಬಿಟ್ಟು ಉಳಿದವನ್ನು ಹಾಕಲೇಬೇಕೆಂದು 2016ರಲ್ಲಿ ಸುಪ್ರೀಂ ಕೋರ್ಟ್ ಆದೇಶವಿದೆ.

ಅಮ್ಮ ಠಾಣೆಗೆ ಹೋಗಬೇಕಾಗಿಲ್ಲ. ಸಾಕ್ಷಿಯಾಗಿ ಕರೆಯುವುದಾದರೆ ಬಿಎನ್‌ಎಸ್‌ಎಸ್ 179ರ ಪ್ರಕಾರ ಹೆಂಗಸರು, 15ರೊಳಗಿನ ಮತ್ತು 60 ದಾಟಿದ ಗಂಡಸರು, ಅಂಗವಿಕಲರು, ತೀವ್ರ ಕಾಯಿಲೆ ಇರುವವರು ಇವರನ್ನೆಲ್ಲ ಅವರ ಮನೆಯಲ್ಲೇ ವಿಚಾರಿಸಬೇಕು. ತಾವಾಗಿ ಹೋಗಲು ಒಪ್ಪಿದರೆ ಮಾತು ಬೇರೆ.

ತಾಲ್ಲೂಕುಕೋರ್ಟು:
ಮೇಲಿನದ್ದು ಸರಿ. ಅಪ್ಪನ ವಿಷಯದಲ್ಲಿ ಒಂದು ಎಚ್ಚರಿಕೆ. "60 ದಾಟಿದವರನ್ನು ಡಿವೈಎಸ್ಪಿ ಅನುಮತಿ ಇಲ್ಲದೆ ಬಂಧಿಸುವಂತಿಲ್ಲ" ಎಂಬ 35(7)ನ್ನು ಯಾರಾದರೂ ತೋರಿಸಿ ಧೈರ್ಯ ಹೇಳಬಹುದು. ಆ ಉಪಕಲಂ ಅನ್ವಯಿಸುವುದು ಮೂರು ವರ್ಷಕ್ಕಿಂತ ಕಡಿಮೆ ಶಿಕ್ಷೆಯ ಅಪರಾಧಕ್ಕೆ. 118(1)ರ ಶಿಕ್ಷೆ ಮೂರು ವರ್ಷದವರೆಗೆ. ಆ ಒಂದು ಕಲಂ ಇರುವವರೆಗೆ 35(7) ನೆಚ್ಚಿಕೊಂಡು ಕೂರಬೇಡಿ. 179ರ ವಿನಾಯಿತಿಯೂ ಅಷ್ಟೆ, ಅದು ಸಾಕ್ಷಿಗಳಿಗಾಗಿ ಬರೆದದ್ದು, ಅಪ್ಪ ಆರೋಪಿ. ಶುಗರ್‌ನ ಚಿಕಿತ್ಸಾ ದಾಖಲೆಗಳನ್ನು ಈಗಲೇ ಜೋಡಿಸಿಡಿ. ವಯಸ್ಸು, ಅನಾರೋಗ್ಯ ಎರಡೂ ಬಿಎನ್‌ಎಸ್‌ಎಸ್ 480ರಡಿ ಜಾಮೀನು ಕೇಳುವಾಗ ಮ್ಯಾಜಿಸ್ಟ್ರೇಟ್ ಮುಂದೆ ಕೆಲಸಕ್ಕೆ ಬರುತ್ತವೆ.

ನಿರೀಕ್ಷಣಾ ಜಾಮೀನಿನ ಬಗ್ಗೆ ಕಪ್ಪುಕೋಟು ಏನೂ ಹೇಳಲಿಲ್ಲ. ನನ್ನ ಅಭಿಪ್ರಾಯದಲ್ಲಿ 118(1) ಇರುವುದರಿಂದ ಜಿಲ್ಲಾ ಸೆಷನ್ಸ್ ನ್ಯಾಯಾಲಯದಲ್ಲಿ 482ರಡಿ ಅರ್ಜಿ ಹಾಕುವುದು ಒಳ್ಳೆಯದು. ನೋಟಿಸ್ ಬಂದಿದೆ ಎಂಬ ಕಾರಣಕ್ಕೆ ಅರ್ಜಿ ಹಾಕುವ ಹಕ್ಕು ಹೋಗುವುದಿಲ್ಲ. ಆದರೆ ಅರ್ಜಿ ಹಾಕಿದ್ದೇವೆಂದು ಹಾಜರಾಗದೆ ಕೂರಬಾರದು. ಅರ್ಜಿ ಬಾಕಿ ಇರುವುದು ತಡೆಯಾಜ್ಞೆ ಅಲ್ಲ. ಮಧ್ಯಂತರ ರಕ್ಷಣೆ ಬೇಕಿದ್ದರೆ ಅದನ್ನು ಪ್ರತ್ಯೇಕವಾಗಿ ಕೇಳಬೇಕು.

ಕಪ್ಪುಕೋಟು:
ಇಲ್ಲಿ ನನಗೆ ಸ್ವಲ್ಪ ಭಿನ್ನಾಭಿಪ್ರಾಯ. ಗಾಯ ಸಾದಾ, ನೋಟಿಸ್ ಕೊಟ್ಟಾಗಿದೆ, ಆರೋಪಿ ಬರುತ್ತಿದ್ದಾನೆ ಎಂದಾದರೆ ನಿರೀಕ್ಷಣಾ ಜಾಮೀನಿನ ಖರ್ಚು ಅನೇಕ ಬಾರಿ ಬೇಡವಾದ ಖರ್ಚು. ಗಾಯಾಳು ಇನ್ನೂ ಆಸ್ಪತ್ರೆಯಲ್ಲಿದ್ದರೆ ಮಾತ್ರ ನಿಮ್ಮ ಮಾತು ಒಪ್ಪುತ್ತೇನೆ, ಆಗ ಕಲಂ ಬದಲಾಗುವ ಸಾಧ್ಯತೆ ಇದೆ.

ಹೊಲದಬದು:
ಎದುರಿನವರಲ್ಲಿ ಒಬ್ಬರು ಜಿಲ್ಲಾ ಆಸ್ಪತ್ರೆಯಲ್ಲಿ ಅಡ್ಮಿಟ್ ಆಗಿದ್ದಾರೆ ಸರ್, ಕೈಗೆ ಎಕ್ಸ್‌ರೇ ತೆಗೆದಿದ್ದಾರಂತೆ. ಠಾಣೆಗೆ ಹೋದಾಗ ಯಾವುದಕ್ಕೆ ಸಹಿ ಹಾಕಬಹುದು, ಯಾವುದಕ್ಕೆ ಹಾಕಬಾರದು?

ತಾಲ್ಲೂಕುಕೋರ್ಟು:
ಎಕ್ಸ್‌ರೇ ಅಂದಿರಲ್ಲ, ಹಾಗಾದರೆ ನಾಳೆಯೇ 482 ಅರ್ಜಿ ಸಿದ್ಧಮಾಡಿಸಿ. ವೈದ್ಯರ ಗಾಯದ ಪ್ರಮಾಣಪತ್ರದಲ್ಲಿ ಮೂಳೆ ಮುರಿತ ಎಂದು ಬಂದರೆ ಅದು ಬಿಎನ್‌ಎಸ್ 116ರ ಪ್ರಕಾರ ತೀವ್ರ ಗಾಯ. ಮುರಿತವಿಲ್ಲದೆಯೂ 15 ದಿನ ತೀವ್ರ ನೋವಿದ್ದರೆ, ದೈನಂದಿನ ಕೆಲಸ ಮಾಡಲಾಗದಿದ್ದರೆ ತೀವ್ರ ಗಾಯವೇ. ಹಳೆ ಐಪಿಸಿಯಲ್ಲಿ ಇದು 20 ದಿನ ಇತ್ತು. ಆಗ 118(1) ಜಾಗಕ್ಕೆ 118(2) ಬರುತ್ತದೆ. ಅದರಲ್ಲಿ ಕನಿಷ್ಠ ಒಂದು ವರ್ಷ, ಗರಿಷ್ಠ ಜೀವಾವಧಿ. ಏಳು ವರ್ಷದ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು. ಪೊಲೀಸರು ಕಲಂ ಸೇರಿಸಿ ಮ್ಯಾಜಿಸ್ಟ್ರೇಟರಿಗೆ ಕೋರಿಕೆ ಸಲ್ಲಿಸುತ್ತಾರೆ, ನಿಮಗೆ ಯಾರೂ ಫೋನ್ ಮಾಡಿ ಹೇಳುವುದಿಲ್ಲ. ನಿಮ್ಮ ವಕೀಲರು ನ್ಯಾಯಾಲಯದ ಕಡತ ನೋಡುತ್ತಿರಬೇಕು. ಅರ್ಜಿಯಲ್ಲಿ ಕಲಂ ಬರೆಯುವಾಗಲೂ ಈ ಅಪರಾಧ ಸಂಖ್ಯೆಯ ಪ್ರಕರಣದಲ್ಲಿ ಎಂದು ಬರೆಸಿ, 118(1)ಕ್ಕೆ ಮಾತ್ರ ಸೀಮಿತ ಮಾಡಿಸಬೇಡಿ.

ಸಹಿ ವಿಷಯ: ನೋಟಿಸ್ ತಲುಪಿತು ಎನ್ನಲು, ಹಾಜರಾತಿಗೆ ಹಾಕಿ, ದಿನಾಂಕ ಮತ್ತು ವೇಳೆ ನಿಮ್ಮ ಕೈಯಲ್ಲೇ ಬರೆಯಿರಿ. ಬಂಧಿಸಿದರೆ ಬಂಧನ ಜ್ಞಾಪನದಲ್ಲಿ ವೇಳೆ ಸರಿಯಿದೆಯೇ ನೋಡಿ ಹಾಕಿ. ತನಿಖೆಯಲ್ಲಿ ಪೊಲೀಸರು ಬರೆದುಕೊಳ್ಳುವ ಹೇಳಿಕೆಗೆ ಸಹಿ ಬೇಡ. ಸಹಿ ಮಾಡಿಸಬಾರದು ಎಂದು ಬಿಎನ್‌ಎಸ್‌ಎಸ್ 181 ನೇರವಾಗಿ ಹೇಳುತ್ತದೆ. ನಮ್ಮ ಕಡೆ "ಸ್ವಇಚ್ಛಾ ಹೇಳಿಕೆ" ಎಂಬ ತಲೆಬರಹದ ಕಾಗದ ಒಂದಿರುತ್ತದಲ್ಲ, ಸಮಸ್ಯೆ ಬರುವುದು ಅದರಲ್ಲಿ. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಭಾರತೀಯ ಸಾಕ್ಷ್ಯ ಅಧಿನಿಯಮ 23ರ ಪ್ರಕಾರ ಸಾಕ್ಷ್ಯವಲ್ಲ. ಆದರೆ ಕಸ್ಟಡಿಯಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದಲೇ ಒಂದು ವಸ್ತು ಸಿಕ್ಕಿದರೆ ಆ ಭಾಗದಷ್ಟು ನಡೆಯುತ್ತದೆ. "ಮಚ್ಚನ್ನು ಕಣದ ಹುಲ್ಲಿನ ಬಣವೆಯಲ್ಲಿ ಇಟ್ಟಿದ್ದೇನೆ, ತೋರಿಸುತ್ತೇನೆ" ಎಂಬ ವಾಕ್ಯ, ಅದರ ಬೆನ್ನಿಗೆ ಒಂದು ಮಹಜರು ಬಂತೆಂದರೆ ಕೇಸಿನ ಬೆನ್ನೆಲುಬೇ ಅದು. ಖಾಲಿ ಹಾಳೆಗೆ, ಓದಿ ಹೇಳದ ಹಾಳೆಗೆ ಹೆಬ್ಬೆಟ್ಟೂ ಬೇಡ. ಶೋಧ, ವಶಪಡಿಸಿಕೊಳ್ಳುವಿಕೆಗೆ ಈಗ ಬಿಎನ್‌ಎಸ್‌ಎಸ್ 105ರಡಿ ವಿಡಿಯೊ ಕಡ್ಡಾಯ. ವಿಡಿಯೊ ಮಾಡದಿದ್ದರೆ ಅದನ್ನು ವಕೀಲರಿಗೆ ಅಂದೇ ತಿಳಿಸಿ.

ತನ್ನ ಮೇಲೆಯೇ ಆರೋಪ ಬರುವಂಥ ಪ್ರಶ್ನೆಗೆ ಉತ್ತರಿಸದಿರುವ ಹಕ್ಕು ಸಂವಿಧಾನದ 20(3)ನೇ ವಿಧಿಯಲ್ಲಿದೆ, 180(2)ರಲ್ಲೂ ಇದೆ. ಮಂಪರು ಪರೀಕ್ಷೆಯನ್ನು ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದ 2010ರ ಸೆಲ್ವಿ ತೀರ್ಪು ಕರ್ನಾಟಕದಿಂದಲೇ ಹೋದ ಪ್ರಕರಣ. ಆದರೆ ಉತ್ತರಿಸದಿರುವುದು ಬೇರೆ, ಸುಳ್ಳು ಹೇಳುವುದು ಬೇರೆ. ಆ ದಿನ ಊರಲ್ಲೇ ಇರಲಿಲ್ಲ ಎಂದು ಹೇಳಿ, ಮೊಬೈಲ್ ಟವರ್ ದಾಖಲೆ ಹೊಲದ ಪಕ್ಕದಲ್ಲೇ ತೋರಿಸಿದರೆ ಮುಗಿಯಿತು. ವಿಚಾರಣೆ ವೇಳೆ ವಕೀಲರನ್ನು ಭೇಟಿ ಮಾಡುವ ಹಕ್ಕು ಬಂಧಿತನಿಗೆ 38ರಡಿ ಇದೆ, ಪೂರ್ತಿ ವಿಚಾರಣೆ ಮುಗಿಯುವವರೆಗೆ ಪಕ್ಕದಲ್ಲಿ ಕೂರಿಸಿಕೊಳ್ಳುವ ಹಕ್ಕಲ್ಲ.

ನೆರವುಮೇಜು:
ಒಂದು ವೇಳೆ ಬಂಧಿಸಿದರೆ ಮನೆಯವರು ಏನು ನೋಡಬೇಕು ಎಂಬುದನ್ನು ಸೇರಿಸುತ್ತೇನೆ.

ಬಂಧನದ ಆಧಾರಗಳನ್ನು ಬರಹದಲ್ಲಿ, ಆರೋಪಿಗೆ ತಿಳಿಯುವ ಭಾಷೆಯಲ್ಲಿ ಕೊಡಬೇಕು. ಎಲ್ಲ ಅಪರಾಧಗಳಿಗೂ ಇದು ಅನ್ವಯ ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್ 6ರ ಮಿಹಿರ್ ರಾಜೇಶ್ ಶಾ ತೀರ್ಪಿನಲ್ಲಿ ಹೇಳಿದೆ. ಸ್ಥಳದಲ್ಲೇ ಬರೆದುಕೊಡಲು ಆಗದಿದ್ದರೆ ಬಾಯಿಮಾತಲ್ಲಿ ಹೇಳಿ, ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸುವುದಕ್ಕೆ ಕನಿಷ್ಠ ಎರಡು ಗಂಟೆ ಮೊದಲು ಬರಹ ಕೊಡಬೇಕು. "ಕೇಸಿನಲ್ಲಿ ಬೇಕಾಗಿದ್ದಾನೆ" ಎಂಬಂಥ ಒಂದು ಸಾಲು ಆಧಾರವಲ್ಲ. ಇವನ ಮೇಲೆ ಇರುವ ನಿರ್ದಿಷ್ಟ ಆರೋಪ ಏನೆಂದಿರಬೇಕು. ಬಂಧನ ಜ್ಞಾಪನಕ್ಕೆ ಮನೆಯವರೊಬ್ಬರು ಅಥವಾ ಊರಿನ ಗಣ್ಯರೊಬ್ಬರು ಸಾಕ್ಷಿ ಇರಬೇಕು. ಯಾರಿಗೆ ತಿಳಿಸಬೇಕೆಂದು ಆರೋಪಿ ಹೇಳುತ್ತಾನೋ ಅವರಿಗೆ 48ರಡಿ ತಿಳಿಸಬೇಕು.

24 ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕು. ಗೋಲ್ಮಾಲ್ ಆಗುವುದು ಈ ಲೆಕ್ಕದಲ್ಲೇ: ಬೆಳಿಗ್ಗೆ ಕರೆದು ಕೂರಿಸಿ, ಜ್ಞಾಪನದಲ್ಲಿ ರಾತ್ರಿ ಎಂಟು ಗಂಟೆ ಎಂದು ಬರೆಯುವುದು. ಅದಕ್ಕೇ ಠಾಣೆಗೆ ಹೋದ ವೇಳೆಗೆ ಸಾಕ್ಷ್ಯ ಬೇಕು: ಹೊರಗಿನಿಂದ ವಕೀಲರಿಗೆ ಒಂದು ಸಂದೇಶ, ಹಾಜರಾತಿಯಲ್ಲಿ ಬರೆದ ವೇಳೆ. ಠಾಣೆಯ ಸಿಸಿಟಿವಿ ದೃಶ್ಯವನ್ನು 18 ತಿಂಗಳು ಇಡಬೇಕೆಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೂ ಅದನ್ನು ಉಳಿಸಿಡಿ ಎಂಬ ಅರ್ಜಿಯನ್ನು ಅದೇ ವಾರ ಕೊಡಿ, ತಡವಾದರೆ "ಕ್ಯಾಮೆರಾ ಕೆಟ್ಟಿತ್ತು" ಎಂಬ ಉತ್ತರ ಬರುತ್ತದೆ. ಹೊಡೆದಿದ್ದರೆ ಮೊದಲ ಹಾಜರಿಯಲ್ಲೇ ಮ್ಯಾಜಿಸ್ಟ್ರೇಟರಿಗೆ ಹೇಳಬೇಕು. 53ರಡಿ ವೈದ್ಯಕೀಯ ತಪಾಸಣೆ ಆಗಬೇಕು, ಅದರ ವರದಿಯ ಪ್ರತಿ ಆರೋಪಿಗೆ ಕೊಡಬೇಕು.

ದೋಷಾರೋಪ ಪಟ್ಟಿಗೆ ಗಡುವು: 118(1) ಇದ್ದರೆ 60 ದಿನ, 118(2) ಆದರೆ ಜೀವಾವಧಿ ಇರುವುದರಿಂದ 90 ದಿನ. ಲೆಕ್ಕ ಶುರುವಾಗುವುದು ಬಂಧನದ ದಿನದಿಂದಲ್ಲ, ಮೊದಲ ರಿಮಾಂಡ್ ದಿನದಿಂದ, ಆ ದಿನವೂ ಸೇರಿ. ಆರೋಪಿ ಒಳಗಿರುವಾಗ ಪಟ್ಟಿ ಸಲ್ಲಿಕೆಯಾಗದೆ ಗಡುವು ದಾಟಿದರೆ ಜಾಮೀನು ಹಕ್ಕಾಗಿ ಸಿಗುತ್ತದೆ, ಆದರೆ ತಕ್ಷಣ ಅರ್ಜಿ ಹಾಕಬೇಕು. ಅರ್ಜಿ ಹಾಕದೆ ಇದ್ದು, ಮರುದಿನ ಪಟ್ಟಿ ಸಲ್ಲಿಕೆಯಾದರೆ ಆ ಹಕ್ಕು ಹೋದಂತೆಯೇ.

ವಕೀಲರಿಗೆ ಹಣವಿಲ್ಲದಿದ್ದರೆ 15100ಕ್ಕೆ ಕರೆ ಮಾಡಿ ಅಥವಾ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಕಸ್ಟಡಿಯಲ್ಲಿರುವವರಿಗೆ, ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ.

ಕಪ್ಪುಕೋಟು:
ನಿಮ್ಮ ಕಡೆಯ ದೂರಿನ ಬಗ್ಗೆ ಯಾರೂ ಹೇಳಲಿಲ್ಲ. ಗಾಯಗೊಂಡವರು ಸರ್ಕಾರಿ ಆಸ್ಪತ್ರೆಗೆ ಹೋಗಿ ಎಂಎಲ್‌ಸಿ (ಪೊಲೀಸ್ ಪ್ರಕರಣಕ್ಕಾಗಿ ವೈದ್ಯರು ಬರೆಯುವ ಗಾಯದ ದಾಖಲೆ) ಮಾಡಿಸಿದ್ದಾರಾ? ಇಲ್ಲದಿದ್ದರೆ ಇವತ್ತೇ ಹೋಗಲಿ. ಯಾರು, ಎಲ್ಲಿ, ಯಾವುದರಿಂದ ಹೊಡೆದರು ಎಂದು ವೈದ್ಯರಿಗೆ ಹೇಳಿ ಬರೆಸಲಿ. ಠಾಣೆ ದೂರು ತೆಗೆದುಕೊಳ್ಳದಿದ್ದರೆ 173(4)ರಡಿ ಎಸ್ಪಿಗೆ ಅಂಚೆಯಲ್ಲಿ ಕಳಿಸಿ. ಅಲ್ಲೂ ಆಗದಿದ್ದರೆ ಅಫಿಡವಿಟ್‌ನೊಂದಿಗೆ 175(3)ರಡಿ ಮ್ಯಾಜಿಸ್ಟ್ರೇಟ್ ಮುಂದೆ ಹೋಗಿ. ಎಸ್ಪಿ ಹಂತ ಬಿಟ್ಟು ನೇರ ಹೋದರೆ ಅರ್ಜಿ ನಿಲ್ಲುವುದಿಲ್ಲ.

ರಾಜಿ ಮಾತುಕತೆ ಶುರುವಾದರೆ ಒಂದು ತಿಳಿದಿರಲಿ. 115(2), 126(2), 351(2), 352 ಇವು ರಾಜಿಯಾಗಬಹುದಾದ ಪಟ್ಟಿಯಲ್ಲಿವೆ, 118(1) ಇಲ್ಲ. ಊರಿನ ಪಂಚಾಯ್ತಿಯಲ್ಲಿ ಛಾಪಾ ಕಾಗದದ ಮೇಲೆ ಬರೆದುಕೊಂಡ ಮಾತ್ರಕ್ಕೆ ಕೇಸು ಮುಗಿಯದು. ಎರಡೂ ಕಡೆಯವರು ಜಂಟಿ ರಾಜಿ ಪತ್ರದೊಂದಿಗೆ ಹೈಕೋರ್ಟಿಗೆ 528ರಡಿ ಹೋಗಿ ರದ್ದುಮಾಡಿಸಿಕೊಳ್ಳಬೇಕು. ಹಣ ಕೊಡುವುದಿದ್ದರೆ ಆ ಜಂಟಿ ಪತ್ರಕ್ಕೆ ಸಹಿ ಬಿದ್ದ ಮೇಲೆ ಕೊಡಿ.

ತಾಲ್ಲೂಕುಕೋರ್ಟು:
ಶ್ಯೂರಿಟಿ ಈಗಲೇ ಹುಡುಕಿ. ಜಾಮೀನುದಾರರ ಇತ್ತೀಚಿನ ಪಹಣಿ, ಕಂದಾಯ ರಸೀದಿ, ಆಧಾರ್, ಫೋಟೊ ಸಿದ್ಧವಿರಲಿ. ಈ ಹಿಂದೆ ಎಷ್ಟು ಜನರಿಗೆ ಜಾಮೀನು ನಿಂತಿದ್ದಾರೆ ಎಂದು 486ರಡಿ ಘೋಷಿಸಬೇಕು, ಅದನ್ನು ಮುಚ್ಚಿಟ್ಟವರ ಜಾಮೀನು ತಿರಸ್ಕಾರವಾಗುತ್ತದೆ. ಪಹಣಿ ತೀರಿಹೋದ ಅಜ್ಜನ ಹೆಸರಲ್ಲೇ ಇದ್ದರೆ ಪೌತಿ ಖಾತೆ ಆಗದವರನ್ನು ಕರೆತರಬೇಡಿ. ಶುಕ್ರವಾರ ಸಂಜೆ ಆದೇಶವಾಗಿ, ಕಾಗದ ಸರಿಯಿಲ್ಲದೆ ಸೋಮವಾರದವರೆಗೆ ಒಳಗೇ ಉಳಿಯುವವರು ಹೆಚ್ಚಾಗಿ ಇದರಿಂದಲೇ.