ಬಾಟೂರ್ ಬೆಟ್ಟಕ್ಕೆ ಅಮ್ಮನನ್ನ ರಾತ್ರಿ ಹತ್ತಿಸಬಹುದಾ?

ಸರಸ್ವತಿಪುರಂ, ಮೈಸೂರು (ಕೇಳಿದವರು):
ಜುಲೈನಲ್ಲಿ ನಾನು, ತಂಗಿ, ಅಮ್ಮ ಬಾಲಿಗೆ ಹೊರಟಿದ್ದೀವಿ. ಬಾಟೂರ್ ಜ್ವಾಲಾಮುಖಿಯನ್ನ ಕತ್ತಲಲ್ಲೇ ಹತ್ತಿ ಮೇಲೆ ಸೂರ್ಯೋದಯ ನೋಡಬೇಕು ಅಂತ ತಂಗಿಯ ಹಟ. ಅಮ್ಮನಿಗೆ 57. ತಿಂಗಳಿಗೊಂದು ಸಲ ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುತ್ತಾರೆ, ಬರೋವಾಗ ಬಸ್. ಕರ್ಕೊಂಡು ಹೋಗಬಹುದಾ? ಹೋಗಿ ಬಂದವರು ಹೇಳಿ.

ಕುವೆಂಪುನಗರ, ಮೈಸೂರು:
"ಬರೋವಾಗ ಬಸ್" ಅಂದ್ರಲ್ಲ, ವಿಷಯ ಇರೋದೇ ಅಲ್ಲಿ. ಹತ್ತೋದರ ಬಗ್ಗೆ ಎಲ್ಲರೂ ಕೇಳ್ತಾರೆ, ಇಳಿಯೋದರ ಬಗ್ಗೆ ಯಾರೂ ಕೇಳಲ್ಲ. ನಾನೂ ಕೇಳಿರಲಿಲ್ಲ.

ಬೆಟ್ಟದ ಎತ್ತರ 1,717 ಮೀಟರ್. ಹೆದರಬೇಡಿ, ನಡಿಗೆ ಶುರುವಾಗೋದೇ ಸಾವಿರ ಮೀಟರ್ ದಾಟಿದ ಮೇಲೆ, ಕೆರೆಯ ಪಕ್ಕದಿಂದ. ಲೆಕ್ಕ ಹಾಕಿದ್ರೆ ಹತ್ತೋದು ಹೆಚ್ಚುಕಮ್ಮಿ ಎರಡು ಚಾಮುಂಡಿ ಬೆಟ್ಟ. ನಾವು ಉಬುದ್‌ನಲ್ಲಿದ್ವಿ. ರಾತ್ರಿ ಎರಡಕ್ಕೆ ಗಾಡಿ ಬಂತು, ನಾಲ್ಕಕ್ಕೆ ನಡೆಯೋಕೆ ಶುರು ಮಾಡಿ ಆರರೊಳಗೆ ಮೇಲಿದ್ವಿ. ಮೊದಲು ತರಕಾರಿ ಹೊಲಗಳ ನಡುವೆ ಸಲೀಸು ದಾರಿ, ಆಮೇಲೆ ಕಲ್ಲು. ಕೊನೆಯಲ್ಲಿ ಲಾವಾದ ಕರಿ ಜಲ್ಲಿಪುಡಿ. ಒಂದು ಹೆಜ್ಜೆ ಇಟ್ರೆ ಅರ್ಧ ಹೆಜ್ಜೆ ಹಿಂದಕ್ಕೇ ಜಾರುತ್ತೆ. ಆದರೂ ನಲವತ್ತೊಂಬತ್ತರ ನಾನು ಹತ್ತಿದೆ, ಏದುಸಿರು ಬಿಡ್ತಾ.

ಮೇಲೆ ಹೋಗಿ ಕೂತ ಹತ್ತೇ ನಿಮಿಷಕ್ಕೆ ಬೆವರು ಆರಿ ನಡುಕ ಹತ್ತಿತು. ಸ್ವೆಟರ್ ಹಾಕ್ಕೊಂಡು ಹತ್ತಬೇಡಿ, ಬ್ಯಾಗಲ್ಲಿಟ್ಟು ಮೇಲೆ ಹಾಕ್ಕೊಳ್ಳಿ. ಒಂದು ಒಣ ಬನಿಯನ್ನೂ ಇರಲಿ. ಗೈಡ್ ಹುಡುಗ ಬಂಡೆ ಸಂದಿಯಿಂದ ಬರೋ ಹಬೆಯಲ್ಲೇ ಮೊಟ್ಟೆ ಬೇಯಿಸಿದ. ನಾನು ತಿನ್ನಲ್ಲ, ನಮ್ಮ ಯಜಮಾನರು ನನ್ನ ಪಾಲಿನದ್ದನ್ನೂ ಮುಗಿಸಿದ್ರು. ಕೆಳಗೆ ಕೆರೆ, ಆಚೆ ಅಬಾಂಗ್ ಬೆಟ್ಟ, ಅದರ ಹಿಂದೆ ಅಗುಂಗ್ ಜ್ವಾಲಾಮುಖಿ. ಬೆಳಕು ಬಿದ್ದ ಮೇಲೆ ದೂರದ ಲೊಂಬೊಕ್ ದ್ವೀಪದ ರಿಂಜಾನಿ ಬೆಟ್ಟವೂ ಕಂಡಿತು. ಅದನ್ನ ಬರೆದು ಹೇಳೋಕೆ ನನಗೆ ಬರಲ್ಲ ಬಿಡಿ.

ಇಳಿಯೋವಾಗ ಎರಡು ಸಲ ಕೂತ್ಕೊಂಡುಬಿಟ್ಟೆ, ಅಂದ್ರೆ ಬಿದ್ದೆ. ಶೂ ಬಿಗಿಯಿತ್ತು, ಹೆಬ್ಬೆರಳ ಉಗುರು ಕಪ್ಪಾಗಿ ತಿಂಗಳಾದ ಮೇಲೆ ಬಿದ್ದೇ ಹೋಯ್ತು. ಮಂಡಿಗೆ ಹತ್ತೋದಕ್ಕಿಂತ ಇಳಿಯೋದೇ ಭಾರ. ಅಮ್ಮನನ್ನ ಒಂದು ಸಲ ಚಾಮುಂಡಿ ಬೆಟ್ಟದಿಂದ ಮೆಟ್ಟಿಲಲ್ಲೇ ಇಳಿಸಿ ನೋಡಿ. ಮಾರನೇ ದಿನ ಮನೆ ಮೆಟ್ಟಿಲು ಸರಾಗ ಇಳಿದ್ರೆ ಸರಿ.

ಮಂಡ್ಯ:
ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಾವು ಆಗಸ್ಟಲ್ಲಿ ಹೋಗಿದ್ದೊ, ಏನ್ ಜನ ಅಂತೀರ! ಮೇಲುಕೋಟೆ ವೈರಮುಡಿ ಥರ. ಟಾರ್ಚ್ ಸಾಲು ಕೆಳಗಿಂದ ಮೇಲ್ಗಂಟ. ಮುಂದಿರೋರು ನಿಂತ್ರೆ ನಾವೂ ನಿಲ್ಬೇಕು. ತಲೆಗೆ ಕಟ್ಕೊಳೋ ಟಾರ್ಚ್ ತಗೊಳಿ, ಕೈ ಎರಡೂ ಬಿಡುವಾಗಿರ್ಬೇಕು. ಮೇಲೆ ಕೋತಿ ಅವೆ, ನನ್ನ ಕಡ್ಲೆಬೀಜದ ಚಿಕ್ಕಿ ಪೊಟ್ಣ ಹಂಗೇ ಎತ್ಕೊಂಡ್ ಹೋಯ್ತು.

ಅಮ್ಮಾವ್ರಿಗೆ ಜೀಪ್ ಮಾಡ್ಸಿ. ಜೀಪು ತುದಿಗೆ ಹೋಗಲ್ಲ, ಎದುರಿಗಿರೋ ಏರು ಜಾಗಕ್ಕೆ ಹೋಯ್ತದೆ. ನನ್ ಕೇಳಿದ್ರೆ ಅದೇ ವಾಸಿ. ತುದಿ ಮೇಲೆ ನಿಂತೋನಿಗೆ ಬೆಟ್ಟ ಎಲ್ಲಿ ಕಂಡಾತು? ಜೀಪಲ್ಲಿ ಹೋದೋರಿಗೆ ಸೂರ್ಯನೂ ಕಾಣ್ತಾನೆ, ಬಾಟೂರೂ ಕಾಣ್ತದೆ.

ಪಾಂಡವಪುರ:
ನಮ್ಮ ಕುಂತಿ ಬೆಟ್ಟ ಹತ್ತಿದ್ದೀನಿ, ಇದೇನು ಮಹಾ ಅಂತ ಗೈಡ್ ಇಲ್ಲದೆ ಹೊರಡಬೇಡಿ. ಊರಿನ ಗೈಡುಗಳ ಸಂಘದವರು ಒಂಟಿಯಾಗಿ ಬಿಡೋದೂ ಇಲ್ಲ. ಇನ್ನೊಂದು, ಇದು ಸತ್ತ ಜ್ವಾಲಾಮುಖಿ ಅಲ್ಲ. 1926ರಲ್ಲಿ ಲಾವಾ ನುಗ್ಗಿ ಬಾಟೂರ್ ಅನ್ನೋ ಊರೇ ಮುಚ್ಚಿಹೋಯ್ತು, ಜನ ಮೇಲಿನ ಅಂಚಿಗೆ ಹೋಗಿ ಹೊಸದಾಗಿ ಊರು ಕಟ್ಟಿಕೊಂಡ್ರು. ಪಕ್ಕದ ಅಗುಂಗ್ 2017ರ ನವೆಂಬರಿನಲ್ಲಿ ಬೂದಿ ಕಾರಿದಾಗ ಬಾಲಿಯ ವಿಮಾನ ನಿಲ್ದಾಣವನ್ನೇ ಮುಚ್ಚಿದ್ರು. ಅಲ್ಲಿಯ ಸರ್ಕಾರ ನಾಲ್ಕು ಹಂತದ ಎಚ್ಚರಿಕೆ ಕೊಡುತ್ತೆ, ಹೊರಡೋ ಹಿಂದಿನ ದಿನ ಯಾವ ಹಂತ ಅಂತ ಗೈಡನ್ನೇ ಕೇಳಿ.

ವಿಜಯನಗರ, ಮೈಸೂರು:
ಜುಲೈ ಒಳ್ಳೇ ಕಾಲ, ಅಲ್ಲಿ ಆಗ ಮಳೆ ಕಮ್ಮಿ. ಮುಂದೆ ಯಾರಾದ್ರೂ ಮಾರ್ಚಿನಲ್ಲಿ ಹೋಗೋರಿದ್ರೆ ನ್ಯೇಪಿ ದಿನ ಯಾವತ್ತು ಅಂತ ನೋಡ್ಕೊಳ್ಳಿ. ಅದು ಅವರ ಶಕವರ್ಷದ ಮೊದಲ ದಿನ, 2023ರಲ್ಲಿ ನಮ್ಮ ಯುಗಾದಿಯ ದಿನವೇ ಬಂದಿತ್ತು. ನಮ್ಮ ಹಾಗೆ ಒಬ್ಬಟ್ಟು ಗಿಬ್ಬಟ್ಟು ಇಲ್ಲ. ಇಡೀ ದ್ವೀಪವೇ ಮೌನ. ದೀಪ ಹಚ್ಚಲ್ಲ, ಬೀದಿಗೆ ಯಾರೂ ಇಳಿಯಲ್ಲ, ವಿಮಾನವೂ ಹಾರಲ್ಲ. ನಾವು ಗೊತ್ತಿಲ್ಲದೆ ಟಿಕೆಟ್ ಮಾಡ್ಸಿ ಬದಲಾಯಿಸೋಕೆ ದುಡ್ಡು ಕಟ್ಟಿದ್ವಿ.

ಸರಸ್ವತಿಪುರಂ, ಮೈಸೂರು (ಕೇಳಿದವರು):
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಅಮ್ಮನನ್ನ ಮೆಟ್ಟಿಲಲ್ಲೇ ಇಳಿಸಿದ್ವಿ. ನಂದಿ ಹತ್ತಿರ ಬರೋಷ್ಟರಲ್ಲೇ ಮಂಡಿ ಹಿಡ್ಕೊಂಡು ಕೂತ್ರು, ಅಲ್ಲಿಂದ ಆಟೋ. "ನೀವಿಬ್ಬರೂ ಹತ್ತಿ, ನಾನು ಎದುರಿನಿಂದ ನಿಮ್ಮ ಟಾರ್ಚ್ ನೋಡ್ತೀನಿ" ಅಂದ್ರು. ಜೀಪ್ ಹೇಳಿಯಾಯ್ತು. ಅದಕ್ಕೂ ರಾತ್ರಿ ಎರಡಕ್ಕೇ ಏಳಬೇಕಂತೆ, ಅಮ್ಮ ಗೊಣಗ್ತಿರೋದು ಅದೊಂದಕ್ಕೇ.