ಪಡುಬದಿಯ ಮುಳಿಹುಲ್ಲು: ಈ ಆದಿತ್ಯವಾರ ಬೆಂಕಿ ರೇಖೆ ಕಡಿಯುವ ಬಗ್ಗೆ

ಅಡ್ಮಿನ್ (2ನೇ ಮನೆ): ಎಲ್ಲರ ಗಮನಕ್ಕೆ. ಗುಡ್ಡೆಯ ಪಡುಬದಿಯ ಮುಳಿಹುಲ್ಲು ಪೂರ್ತಿ ಒಣಗಿದೆ. ಸೊಂಟದೆತ್ತರ ಉಂಟು. ನೀರಿನ ಟ್ಯಾಂಕಿಯಿಂದ 11ನೇ ಮನೆಯ ಕಂಪೌಂಡಿನವರೆಗೆ ಸುಮಾರು 200 ಮೀಟರ್ ಉದ್ದಕ್ಕೂ ಹುಲ್ಲು ಗೋಡೆಗೆ ತಾಗಿಯೇ ನಿಂತಿದೆ. ಈ ಆದಿತ್ಯವಾರ ಬೆಂಕಿ ರೇಖೆ, ಅಂದರೆ ಬೆಂಕಿ ದಾಟದ ಹಾಗೆ ಹುಲ್ಲಿಲ್ಲದ ಪಟ್ಟಿ, ಕಡಿಯುವ. ಯಾರು ಬರುತ್ತೀರಿ, ಯಾರಲ್ಲಿ ಯಾವ ಸಾಮಾನು ಉಂಟು, ಇಲ್ಲೇ ಬರೆಯಿರಿ.

9ನೇ ಮನೆ: ಫೆಬ್ರವರಿ ಕೊನೆಗೆ ಹವಾಮಾನ ಇಲಾಖೆಯ ಬೇಸಗೆ ಮುನ್ಸೂಚನೆ ಬರುತ್ತದಲ್ಲ, ಅದನ್ನು ನೋಡಿ ನಿರ್ಧರಿಸಿದರೆ ಆಗದಾ? ಇನ್ನೊಂದು, ಮುನ್ನಾರಿನಲ್ಲಿ ಹಿಮ ಬಿದ್ದ ಫೋಟೋ ಬರುತ್ತಾ ಉಂಟು. ನಮ್ಮ ತರಕಾರಿ ಗಿಡಗಳನ್ನು ರಾತ್ರಿ ಮುಚ್ಚಬೇಕಾ ಟೀಚರೇ?

ಟೀಚರ್ (5ನೇ ಮನೆ): ಮುಚ್ಚುವುದು ಬೇಡ. ಎಲೆಯ ಮೈ ಸೊನ್ನೆ ಡಿಗ್ರಿಗೆ ಇಳಿದರೆ ಮಾತ್ರ ಇಬ್ಬನಿ ಹೆಪ್ಪುಗಟ್ಟುವುದು. ಮುನ್ನಾರು ಸಮುದ್ರಮಟ್ಟದಿಂದ ಸುಮಾರು 1500 ಮೀಟರ್ ಎತ್ತರ, ನಮ್ಮ ಗುಡ್ಡೆ ಅದರ ಹತ್ತನೇ ಒಂದು ಪಾಲೂ ಇಲ್ಲ. ಆದರೆ ಆ ಫೋಟೋದಿಂದ ನಮಗೂ ಒಂದು ವಿಷಯ ತಿಳಿಯುತ್ತದೆ. ಮೋಡವಿಲ್ಲದ, ಒಣ ಗಾಳಿಯ ರಾತ್ರಿ ನೆಲದ ಶಾಖವೆಲ್ಲ ಆಕಾಶಕ್ಕೆ ಹೋಗುತ್ತದೆ. ಅಲ್ಲಿ ಅದರಿಂದ ಹಿಮ ಕಟ್ಟಿ ಹುಲ್ಲು ಕರಟುತ್ತದೆ, ಆಮೇಲೆ ಅದೇ ಹುಲ್ಲು ಕಾಡ್ಗಿಚ್ಚಿಗೆ ಸೌದೆ. ಇಲ್ಲಿ ಅದೇ ಆಕಾಶದ ಕೆಳಗೆ ಬೆಳಿಗ್ಗೆ ಇಬ್ಬನಿ ಬೀಳುತ್ತದೆ, ಹಗಲು ಮೂಡುಗಾಳಿಗೆ ಹುಲ್ಲು ಚರಚರ ಒಣಗುತ್ತದೆ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮೇಲೆ ಮಣ್ಣು ಇರುವುದು ನಾಲ್ಕು ಬೆರಳು. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಬಿದ್ದರೂ ಆ ಮಣ್ಣು ಜನವರಿಗೆ ಬರಿದು.

ಮುನ್ಸೂಚನೆಗೆ ಕಾಯುವುದರಲ್ಲಿ ಅರ್ಥವಿಲ್ಲ. ಅದು ಮಾರ್ಚಿನಿಂದ ಮೇವರೆಗೆ ಮೂರು ತಿಂಗಳು ಒಟ್ಟು ಸೇರಿಸಿ, ದೊಡ್ಡ ಪ್ರದೇಶಕ್ಕೆ ಹೇಳುವ ಸಾಧ್ಯತೆಯ ಲೆಕ್ಕ. "ಸಾಮಾನ್ಯಕ್ಕಿಂತ ಹೆಚ್ಚು ಮಳೆ" ಅಂತ ಬಂದರೂ ಅದರ ದೊಡ್ಡ ಪಾಲು ಬೀಳುವುದು ಎಪ್ರಿಲ್ ಕೊನೆಗೆ, ಮೇಯಲ್ಲಿ. ಹುಲ್ಲಿಗೆ ಬೆಂಕಿ ಬೀಳುವುದು ಅದಕ್ಕಿಂತ ಮೊದಲು. ನೋಡುವುದಾದರೆ ದಿನದಿನದ ಮುನ್ಸೂಚನೆಯಲ್ಲಿ ಗರಿಷ್ಠ ತಾಪಮಾನ, ಗಾಳಿಯ ದಿಕ್ಕು ನೋಡಿ. ಶಾಖದ ಯೆಲ್ಲೋ ಅಲರ್ಟ್ ಬಂದ ದಿನ ಯಾರೂ ಕಸ ಸುಡಬಾರದು.

14ನೇ ಮನೆ: ಇಷ್ಟೆಲ್ಲ ಯಾಕೆ? ಒಂದು ಬೆಳಿಗ್ಗೆ ನಾವೇ ಕಡ್ಡಿ ಗೀರಿ ಗುಡ್ಡೆ ಸುಟ್ಟುಬಿಟ್ಟರೆ ಒಂದು ಗಂಟೆಯ ಕೆಲಸ.

6ನೇ ಮನೆ (ಅಗ್ನಿಶಾಮಕದಲ್ಲಿದ್ದವರು): ಬೇಡ ತಮ್ಮ, ಖಂಡಿತ ಬೇಡ. ಕೆಳಗೆ ಗೇರು ತೋಟ, ಅದರಾಚೆ ಅಕೇಶಿಯಾ. ಬೆಳಿಗ್ಗೆ ಇಬ್ಬನಿ ಇರುವಾಗ ಬೆಂಕಿ ಹೊತ್ತುವುದಿಲ್ಲ, ಹೊಗೆ ಮಾತ್ರ. ಹೊತ್ತಲಿಲ್ಲ ಅಂತ ಬಿಟ್ಟು ಬಂದರೆ ಒಂದು ಗೇರಿನ ಬೊಡ್ಡೆಯೊಳಗೆ ಕೆಂಡ ಉಳಿಯುತ್ತದೆ. ಹನ್ನೊಂದು ಗಂಟೆಗೆ ಇಬ್ಬನಿ ಆರಿರುತ್ತದೆ, ಮಧ್ಯಾಹ್ನಕ್ಕೆ ಪಡುಗಾಳಿ ಏಳುತ್ತದೆ. ನಮ್ಮ ಮನೆಗಳಿರುವುದು ನೆತ್ತಿಯ ಮೇಲೆ. ಇಳಿಜಾರು ಪ್ರತಿ 10 ಡಿಗ್ರಿ ಏರಿದ ಹಾಗೆ ಬೆಂಕಿ ಮೇಲೇರುವ ವೇಗ ಹೆಚ್ಚುಕಮ್ಮಿ ಎರಡು ಪಾಲು ಆಗುತ್ತದೆ, ಯಾಕೆಂದರೆ ಜ್ವಾಲೆ ಮೇಲಿನ ಹುಲ್ಲಿಗೆ ಒರಗಿ ಅದನ್ನು ಮೊದಲೇ ಒಣಗಿಸುತ್ತದೆ. ಹಿಂದಿನಿಂದ ಕಡಲಗಾಳಿಯೂ ತಳ್ಳಿದರೆ ಓಡಿ ಹಿಡಿಯುವುದು ಸಾಧ್ಯವಿಲ್ಲ. ಪಡುಬದಿಯನ್ನೇ ಮೊದಲು ಕಡಿಯಬೇಕು ಅನ್ನುವುದು ಇದೇ ಕಾರಣಕ್ಕೆ. ಮೂಡುಬದಿ ಮುಂದಿನ ವಾರಕ್ಕಿರಲಿ.

ಅಗಲ ಹುಲ್ಲಿನ ಎತ್ತರದ ಮೂರು ಪಾಲಾದರೂ ಬೇಕು. ಸೊಂಟದೆತ್ತರಕ್ಕೆ 3 ಮೀಟರ್, 11ನೇ ಮನೆಯ ಹಿಂದೆ ಇಳಿಜಾರು ಜಾಸ್ತಿ, ಅಲ್ಲಿ 5 ಮೀಟರ್ ಮಾಡುವ. ಕಡಿದ ಹುಲ್ಲನ್ನು ಅಲ್ಲೇ ಬಿಟ್ಟರೆ ಕಡಿದೂ ಪ್ರಯೋಜನವಿಲ್ಲ, ಮಲಗಿದ ಹುಲ್ಲಿನ ಮೇಲೂ ಬೆಂಕಿ ದಾಟುತ್ತದೆ. ಗೋರಿ, ಹಿಡಿಸೂಡಿಯಲ್ಲಿ ಗುಡಿಸಿ, ಮುರಕಲ್ಲು ಕಾಣಬೇಕು. ಅಕೇಶಿಯಾ ಎಲೆ ಗಾಳಿಗೆ ಮತ್ತೆ ಬಂದು ಬೀಳುತ್ತದೆ, ಹಾಗಾಗಿ ಹದಿನೈದು ದಿನಕ್ಕೊಮ್ಮೆ ಗುಡಿಸುವ ಪಾಳಿ ಬೇಕು. ಗುಡ್ಡೆ ಸರಕಾರಿ ಜಾಗ, ಪಂಚಾಯತಿಗೆ, ಫಯರ್ ಸ್ಟೇಷನ್ನಿಗೆ ಮೊದಲೇ ತಿಳಿಸಿಡಿ.

3ನೇ ಮನೆ: ನನ್ನ ಹುಲ್ಲು ಕತ್ತರಿಸುವ ಮೆಷಿನ್ ತರುತ್ತೇನೆ. ಕಬ್ಬಿಣದ ಬ್ಲೇಡ್ ಹಾಕುವುದಿಲ್ಲ. ಮುರಕಲ್ಲಿಗೆ ತಾಗಿದರೆ ಕಿಡಿ ಹಾರುತ್ತದೆ, ಅದೇ ಸಾಕು. ನೈಲಾನ್ ದಾರದಲ್ಲೇ ಹೊಡೆಯುವುದು, ದಪ್ಪ ಪೊದೆಗಳಿಗೆ ಕತ್ತಿ. ಪೆಟ್ರೋಲ್ ತುಂಬಿಸುವುದು ರಸ್ತೆಯ ಡಾಮರಿನ ಮೇಲೆ, ಎಂಜಿನ್ ಐದು ನಿಮಿಷ ತಣಿದ ಮೇಲೆ. ಬಿಸಿ ಸೈಲೆನ್ಸರನ್ನು ಒಣಹುಲ್ಲಿನ ಮೇಲೆ ಇಡಲೇಬಾರದು. 200 ಮೀಟರಿಗೆ 3 ಮೀಟರ್ ಅಂದರೆ 600 ಚದರ ಮೀಟರ್, ಹತ್ತಿರ ಹತ್ತಿರ 15 ಸೆಂಟ್ಸ್. ಕಡಿಯುವುದು ಎರಡು ಮೆಷಿನಿಗೆ ಒಂದು ಬೆಳಗಿನ ಕೆಲಸ. ಜನ ಬೇಕಾಗುವುದು ಹುಲ್ಲು ಬಾಚಿ ಹೊರಲಿಕ್ಕೆ.

ಭಟ್ರು (8ನೇ ಮನೆ): ಹುಲ್ಲು ನಮ್ಮ ಕೆಳಗಿನ ಅಡಿಕೆ ತೋಟಕ್ಕೆ ಕೊಡಿ, ಬುಡಕ್ಕೆ ಮುಚ್ಚಲು ಬೇಕು. ನೀರು ಬಿಡುವ ತೋಟ, ಅಲ್ಲಿ ಬೆಂಕಿಯ ಹೆದರಿಕೆ ಇಲ್ಲ. ಪಿಕಪ್ ಕಳಿಸುತ್ತೇನೆ.

ಅಡಿಕೆಗೆ ಮದ್ದು ಬಿಡುವ ಪೆಟ್ರೋಲ್ ಎಂಜಿನಿನ ಪಂಪು ಈಗ ಸುಮ್ಮನೆ ಕೂತಿದೆ, ಅದನ್ನೂ 200 ಲೀಟರಿನ ಡ್ರಮ್ಮನ್ನೂ ಮೇ ತಿಂಗಳವರೆಗೆ ಟ್ಯಾಂಕಿಯ ಹತ್ತಿರವೇ ಇಡುವ. ಮಳೆಗಾಲದಿಂದ ನಿಂತ ಪಂಪು ಬೇಕಾದಾಗ ಸ್ಟಾರ್ಟ್ ಆಗುವುದಿಲ್ಲ. ಹಳೆ ಪೆಟ್ರೋಲ್ ಚೆಲ್ಲಿ, ಕಾರ್ಬುರೇಟರ್ ತೊಳೆದು, ವಾರಕ್ಕೊಮ್ಮೆ ಎರಡು ನಿಮಿಷ ಓಡಿಸಬೇಕು. ಮದ್ದಿನ ಮೈಲುತುತ್ತು, ಸುಣ್ಣ ಗಟ್ಟಿಯಾಗಿ ಫಿಲ್ಟರಿನಲ್ಲಿ ಕೂತಿರುತ್ತದೆ, ಅದನ್ನು ಬಿಡಿಸದಿದ್ದರೆ ನೀರು ಎಳೆಯುವುದಿಲ್ಲ. ಪೈಪು ಮಡಚಿದ ಕಡೆ ಬಿರಿದಿದೆಯಾ ನೋಡಿ. ನಿಮಿಷಕ್ಕೆ 20 ಲೀಟರ್ ಹೋದರೆ ಡ್ರಮ್ಮು ಹತ್ತು ನಿಮಿಷಕ್ಕೆ ಖಾಲಿ, ಆದ್ದರಿಂದ ಜ್ವಾಲೆಯ ತುದಿಗಲ್ಲ, ಬುಡಕ್ಕೆ ಬಿಡಬೇಕು.

12ನೇ ಮನೆ (ಲೈನಿನ ಕೆಲಸ ಗೊತ್ತಿರುವವರು): ಟ್ರಾನ್ಸ್‌ಫಾರ್ಮರಿನ ಬೇಲಿಯೊಳಗಿನ ಹುಲ್ಲನ್ನು ನಾವು ಮುಟ್ಟಬಾರದು. ಫ್ಯೂಸ್ ಹಾರಿದಾಗ ಕಾದ ಲೋಹ ಕೆಳಗೆ ಬೀಳುವ ಜಾಗ ಅದು, ತೆಗೆಸಲು ಕರೆಂಟಿನವರ ಸೆಕ್ಷನ್ ಆಫೀಸಿಗೆ ಬರೆದು ಕೊಡುವ. ಲೈನಿಗೆ ತಾಗುವ ತೆಂಗಿನ ಮಡಲಿನ ದೂರು ಕರೆಂಟಿನವರ 1912 ನಂಬರಿಗೆ. ಬೆಂಕಿ ಲೈನಿನಡಿಗೆ ಬಂದರೆ ಕರೆಂಟು ತೆಗೆಸದೆ ನೀರು ಬಿಡಬಾರದು. ಕರೆಂಟು ತೆಗೆದ ಕೂಡಲೇ ನಮ್ಮೆಲ್ಲರ ಬಾವಿಯ ಮೋಟಾರೂ ನಿಲ್ಲುತ್ತದೆ, ಇದನ್ನು ಮರೆಯಬೇಡಿ. ಮೇ ಕೊನೆಯವರೆಗೆ ಮಾಡಿನ ಟ್ಯಾಂಕಿ ಬೆಳಿಗ್ಗೆ 11ರೊಳಗೆ ತುಂಬಿರಲಿ.

7ನೇ ಮನೆ ಅಕ್ಕ: ಮನೆಯ ಹತ್ತಿರದ್ದೂ ಹೇಳಬೇಕು. ಸನ್‌ಶೇಡಿನ ಮೇಲಿನ ತರಗೆಲೆ, ಹಂಚಿನ ಸಂದಿಯ ಕಸ, ಗೋಡೆಗೆ ಒರಗಿಸಿದ ಸೌದೆ, ಸೂಟೆ, ಅಡಿಕೆ ಸಿಪ್ಪೆ ಎಲ್ಲ 10 ಮೀಟರ್ ದೂರಕ್ಕೆ ಹೋಗಲಿ. ಕಿಡಿ ಹಾರಿ ಬೀಳುವುದು ಅಲ್ಲಿಗೇ. ಪ್ಲಾಸ್ಟಿಕ್ಕನ್ನು ಮನೆಮನೆಯಿಂದ ಕಸ ಒಯ್ಯುವ ಹರಿತ ಕರ್ಮ ಸೇನೆಯವರಿಗೆ ಕೊಡಿ, ಹಿತ್ತಿಲಲ್ಲಿ ಸುಡಬೇಡಿ. ವಿಷುವಿಗೆ ಮಕ್ಕಳು ನೆತ್ತಿಯಿಂದ ರಾಕೆಟ್ ಬಿಡದ ಹಾಗೆ ಈಗಲೇ ಹೇಳಿಡಿ.

14ನೇ ಮನೆ: ಸರಿ, ಸುಡುವುದು ಬೇಡ. ನಾನೂ ತಮ್ಮನೂ ಗೋರಲು ಬರುತ್ತೇವೆ. ಅಷ್ಟರೊಳಗೆ ಬೆಂಕಿ ಬಿದ್ದರೆ ಏನು ಮಾಡುವುದು?

6ನೇ ಮನೆ: ಮೊದಲು ಫಯರ್ ಸ್ಟೇಷನ್ನಿನ 101ಕ್ಕೆ ಫೋನ್. ಯಾವ ರಸ್ತೆಯಿಂದ ಗಾಡಿ ಹತ್ತಬಹುದು ಅಂತ ಹೇಳಿ, ಕೆಳಗಿನ ತಿರುವಿನಲ್ಲಿ ಒಬ್ಬರು ನಿಲ್ಲಿ. ಬೆಂಕಿಯ ಮುಂದೆ, ಮೇಲ್ಬದಿಯಲ್ಲಿ ಯಾರೂ ನಿಲ್ಲಬಾರದು. ಸುಟ್ಟ ಜಾಗದಲ್ಲಿ ಕಾಲಿಟ್ಟು ಬದಿಯಿಂದ ಬಡಿಯಬೇಕು, ಒದ್ದೆ ಗೋಣಿ ಅಥವಾ ಹಸಿ ಗೆಲ್ಲಿನಲ್ಲಿ. ಎತ್ತಿ ಹೊಡೆದರೆ ಕಿಡಿ ಹಾರುತ್ತದೆ, ಒತ್ತಿ ಎಳೆಯಿರಿ. ಜ್ವಾಲೆ ಎದೆಮಟ್ಟಕ್ಕಿಂತ ಮೇಲಿದ್ದರೆ ಬಡಿಯಲು ಹೋಗಬೇಡಿ, ಹಿಂದೆ ಬನ್ನಿ. ಹತ್ತಿ ಬಟ್ಟೆ, ಬೂಟು, ಮುಖಕ್ಕೆ ಒದ್ದೆ ಬೈರಾಸು. ನೈಲಾನ್ ಅಂಗಿ, ಹವಾಯಿ ಚಪ್ಪಲಿ ಮೈಗೆ ಕರಗಿ ಅಂಟುತ್ತದೆ. ಆರಿದ ಮೇಲೂ ಎರಡು ಗಂಟೆ ಬೊಡ್ಡೆಗಳನ್ನು ಮುಟ್ಟದೆ, ಕೈಯ ಹಿಂಬದಿಯನ್ನು ಹತ್ತಿರ ಹಿಡಿದು ಬಿಸಿ ನೋಡಬೇಕು.

ಅಡ್ಮಿನ್: ಹಾಗಾದರೆ ಆದಿತ್ಯವಾರ ಬೆಳಿಗ್ಗೆ 6.30, ಟ್ಯಾಂಕಿಯ ಬಳಿ. 11ನೇ ಮನೆಯ ಹಿಂದಿನಿಂದ ಶುರು. ಭಟ್ರ ಪಂಪು ತುಂಬಿದ ಡ್ರಮ್ಮಿನೊಂದಿಗೆ ಕೆಲಸ ಮುಗಿಯುವವರೆಗೆ ಪಕ್ಕದಲ್ಲಿರಲಿ. 10.30ಕ್ಕೆ ಮೆಷಿನ್ ನಿಲ್ಲಿಸುವ, ಉಳಿದದ್ದು ಮರುದಿನ. ಪಂಚಾಯತಿಗೆ ಪತ್ರ ನಾನೂ ಟೀಚರೂ ನಾಳೆ ಕೊಡುತ್ತೇವೆ, ಸೆಕ್ಷನ್ ಆಫೀಸಿನದ್ದು 12ನೇ ಮನೆಯವರು. ಹಲ್ಲಿನ ರೇಕು ಇನ್ನೂ ನಾಲ್ಕು, ಗೋಣಿ ಆರು ಬೇಕು. ಯಾರಲ್ಲಿ ಉಂಟು?