ನಮ್ಮೂರಲ್ಲಿ ಬಿಸಿಲಿದ್ದರೂ ‘ಹವಾಮಾನದ ಕಾರಣ’ ವಿಮಾನ ರದ್ದಾದದ್ದು ಹೇಗೆ?

ಬಯಲುಸೀಮೆಯವ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಕಳೆದ ಡಿಸೆಂಬರ್‌ನಲ್ಲಿ ತಂಗಿಯ ಮಗುವಿನ ನಾಮಕರಣಕ್ಕೆಂದು ಅಮ್ಮನನ್ನು ಕರೆದುಕೊಂಡು ದೆಹಲಿಗೆ ಹೊರಟಿದ್ದೆ. ನಮ್ಮ ಭಾಗದ ಸಣ್ಣ ವಿಮಾನ ನಿಲ್ದಾಣದಿಂದ ಬೆಳಿಗ್ಗೆ 8 ಗಂಟೆಗೆ ಬೆಂಗಳೂರಿಗೆ ಒಂದು ಟಿಕೆಟ್, ಅಲ್ಲಿಂದ 11.30ಕ್ಕೆ ಬೇರೊಂದು ಸಂಸ್ಥೆಯ ವಿಮಾನದಲ್ಲಿ ದೆಹಲಿಗೆ ಮತ್ತೊಂದು ಟಿಕೆಟ್. ನಾವು ನಿಲ್ದಾಣ ತಲುಪಿದಾಗ ಆಕಾಶ ತಿಳಿಯಾಗಿ ಬಿಸಿಲು ಏರುತ್ತಿತ್ತು. ಆದರೂ ‘ಹವಾಮಾನದ ಕಾರಣ ವಿಳಂಬ’ ಎಂಬ ಸಂದೇಶ ಎರಡು ಸಲ ಬಂದು, ಹತ್ತೂವರೆಯ ಹೊತ್ತಿಗೆ ವಿಮಾನವೇ ರದ್ದಾಯಿತು. ಮೊದಲ ಟಿಕೆಟ್ಟಿನ ಹಣ ಹಿಂದಕ್ಕೆ ಬಂತು, ಎರಡನೆಯದು ಪೂರ್ತಿ ಮುಳುಗಿತು.

ಜನವರಿಯಲ್ಲಿ ಅಪ್ಪನನ್ನು ಕರೆದುಕೊಂಡು ಪುನಃ ಹೋಗಬೇಕಾಗಿದೆ. ಹವಾಮಾನ ಎನ್ನುವುದು ಇಂಥ ಸಂದರ್ಭಗಳಲ್ಲಿ ನಿಜವಾದ ಕಾರಣವೋ, ಕೈತೊಳೆದುಕೊಳ್ಳಲು ಹೇಳುವ ಮಾತೋ? ಈ ಸಲ ಟಿಕೆಟ್ ಹೇಗೆ ತೆಗೆದುಕೊಳ್ಳುವುದು ಕ್ಷೇಮ? ತಿಳಿದವರು ದಯವಿಟ್ಟು ಬರೆಯಿರಿ.

ಗಾಳಿಮಾಪಕ:

ನೀವು ನೋಡಿದ ಆಕಾಶ ನಿಮ್ಮೂರಿನದು. ಆದರೆ ನಿಮ್ಮನ್ನು ಕರೆದೊಯ್ಯಬೇಕಿದ್ದ ವಿಮಾನ ಆ ಹೊತ್ತಿಗೆ ಬಹುಶಃ ಬೆಂಗಳೂರಿನಲ್ಲಿಯೇ ಇತ್ತು. ಸಣ್ಣ ನಿಲ್ದಾಣಗಳಿಗೆ ಬರುವ ವಿಮಾನಗಳು ಸಾಮಾನ್ಯವಾಗಿ ರಾತ್ರಿ ದೊಡ್ಡ ನಿಲ್ದಾಣದಲ್ಲಿ ತಂಗಿ, ಬೆಳಗಿನ ಜಾವ ಅಲ್ಲಿಂದ ಹೊರಟು, ದಿನವಿಡೀ ಒಂದರ ಹಿಂದೊಂದರಂತೆ ನಾಲ್ಕಾರು ಹಾರಾಟ ಮುಗಿಸುತ್ತವೆ. ಮೊದಲ ಹಾರಾಟ ಎರಡು ಗಂಟೆ ತಡವಾದರೆ ಆ ಎರಡು ಗಂಟೆ ಸಂಜೆಯವರೆಗೂ ಬೆನ್ನು ಬಿಡುವುದಿಲ್ಲ. ಪೈಲಟ್‌ಗಳ ಕರ್ತವ್ಯದ ಅವಧಿಗೆ ಮಿತಿಯಿದೆ, ರಾತ್ರಿ ಇಳಿಯುವ ವ್ಯವಸ್ಥೆಯಿಲ್ಲದ ನಿಲ್ದಾಣಕ್ಕೆ ಸೂರ್ಯಾಸ್ತದ ನಂತರ ಹೋಗುವಂತಿಲ್ಲ. ಹೀಗಾಗಿ ಸರಪಳಿಯ ಒಂದು ಕೊಂಡಿಯನ್ನು ಕಳಚಿ ಉಳಿದವನ್ನು ಸಮಯಕ್ಕೆ ತರುತ್ತಾರೆ. ಆ ಕಳಚಿದ ಕೊಂಡಿಯಲ್ಲಿ ನೀವಿದ್ದಿರಿ ಎಂದು ಕಾಣುತ್ತದೆ.

ಬೆಂಗಳೂರಿನ ಮಂಜಿನ ಬಗ್ಗೆ ಒಂದೆರಡು ಮಾತು. ದೇವನಹಳ್ಳಿಯ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 915 ಮೀಟರ್ ಎತ್ತರದಲ್ಲಿದೆ. ಹಿಂಗಾರಿನಲ್ಲಿ ತೊಯ್ದ ನೆಲ, ಮೋಡವಿಲ್ಲದ ರಾತ್ರಿ, ಅಲುಗಾಡದ ಗಾಳಿ ಈ ಮೂರೂ ಕೂಡಿದರೆ ನೆಲ ಬೇಗ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯ ತೇವವೆಲ್ಲ ಮಂಜಾಗುತ್ತದೆ. ರಾತ್ರಿ ನಕ್ಷತ್ರಗಳು ನಿಚ್ಚಳವಾಗಿ ಕಂಡವೆಂದು ನಿಶ್ಚಿಂತೆಯಿಂದ ಮಲಗಿದವರಿಗೇ ಬೆಳಿಗ್ಗೆ ತೊಂದರೆ ಕಾದಿರುತ್ತದೆ. ಗೋಚರತೆ 1,000 ಮೀಟರ್‌ಗಿಂತ ಕಡಿಮೆಯಾದಾಗ ಮಾತ್ರ ಹವಾಮಾನ ವರದಿಯಲ್ಲಿ ಅದನ್ನು ಮಂಜೆಂದು ಕರೆಯುತ್ತಾರೆ. ಬಿಸಿಲೇರಿದಂತೆ ಅದು ಕರಗುತ್ತದೆ.

ಅಲ್ಲಿನ ದಕ್ಷಿಣ ರನ್‌ವೇಗೆ ಈಗ ಕ್ಯಾಟ್ 3ಬಿ ಸೌಲಭ್ಯವಿದೆ, ಅಂದರೆ ದಟ್ಟ ಮಂಜಿನಲ್ಲಿಯೂ ಉಪಕರಣಗಳ ನೆರವಿನಿಂದ ಇಳಿಯುವ ವ್ಯವಸ್ಥೆ. ಮೊದಲು ಇಳಿಯಲು 550 ಮೀಟರ್, ಏರಲು 300 ಮೀಟರ್ ರನ್‌ವೇ ಕಾಣಬೇಕಿತ್ತು. ಈ ಸೌಲಭ್ಯದಿಂದ ಅದು 50 ಮತ್ತು 125 ಮೀಟರ್‌ಗೆ ಇಳಿದಿದೆ. ಆದರೆ ರನ್‌ವೇಗೆ ಅರ್ಹತೆಯಿದ್ದರೆ ಸಾಲದು, ವಿಮಾನಕ್ಕೂ ಪೈಲಟ್‌ಗೂ ಅದೇ ಅರ್ಹತೆಯಿರಬೇಕು. ಸಣ್ಣ ಊರುಗಳಿಗೆ ಹೆಚ್ಚಾಗಿ ಬರುವ, ರೆಕ್ಕೆಯಲ್ಲಿ ಪಂಖ ತಿರುಗುವ ಎಟಿಆರ್ 72 ವಿಮಾನಕ್ಕೆ ಕ್ಯಾಟ್ 3ಬಿ ಅರ್ಹತೆಯಿಲ್ಲ. ಅದೇ ರನ್‌ವೇ ಮೇಲೆ ದೊಡ್ಡ ಜೆಟ್ ಇಳಿಯುತ್ತಿದ್ದರೂ ಎಟಿಆರ್ ಕಾಯಬೇಕಾಗುತ್ತದೆ. ಇದನ್ನು ಕೌಂಟರಿನಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲವಾದ್ದರಿಂದ ಪ್ರಯಾಣಿಕರಿಗೆ ಅನುಮಾನ ಬರುವುದು ಸಹಜ.

ತುಂಗಾತೀರ:

ಮೇಲಿನ ಉತ್ತರಕ್ಕೆ ನಮ್ಮ ಶಿವಮೊಗ್ಗದ ಮಾತೊಂದನ್ನು ಸೇರಿಸುತ್ತೇನೆ. 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಅದೇ ಆಗಸ್ಟ್ 31ರಂದು ಮೊದಲ ಪ್ರಯಾಣಿಕ ವಿಮಾನ ಕಂಡ ನಿಲ್ದಾಣ ನಮ್ಮದು. ರನ್‌ವೇ 3 ಕಿಲೋಮೀಟರ್‌ಗೂ ಉದ್ದವಿದೆಯೆಂದು ನಾವೆಲ್ಲ ಹೆಮ್ಮೆಪಟ್ಟೆವು, ಆದರೆ ಉದ್ದಕ್ಕೂ ಮಂಜಿಗೂ ಸಂಬಂಧವಿಲ್ಲ. ಆರಂಭದಲ್ಲಿ ಹಗಲು ಮಾತ್ರ, ಅದೂ ಪೈಲಟ್ ಕಣ್ಣಾರೆ ನೆಲ ನೋಡಿ ಇಳಿಯುವ ನಿಯಮದಡಿ ಹಾರಾಟ ನಡೆಯಿತು. ಆ ನಿಯಮಕ್ಕೆ ಸಾಮಾನ್ಯವಾಗಿ 5 ಕಿಲೋಮೀಟರ್ ಗೋಚರತೆ ಬೇಕು. ಮಲೆನಾಡಿನಲ್ಲಿ ಇಬ್ಬನಿ ಬೀಳುವ ಮುಂಜಾನೆ 5 ಕಿಲೋಮೀಟರ್ ಕಾಣುವುದೆಂದರೆ ಅದು ಒಂಬತ್ತು ಗಂಟೆಯ ಮೇಲಿನ ಮಾತು. ನಮ್ಮ ಕಣ್ಣಿಗೆ ‘ಸ್ವಲ್ಪ ಮಸುಕು’ ಅನ್ನಿಸುವ ಬೆಳಗು ಇಂಥ ಕಡೆ ಇಳಿಯಬೇಕಾದವರಿಗೆ ಪೂರ್ತಿ ಮುಚ್ಚಿದ ಬಾಗಿಲು. ನಿಲ್ದಾಣ ಕಟ್ಟುವಾಗ ರನ್‌ವೇಯ ಉದ್ದಕ್ಕೆ ಸಿಗುವ ಪ್ರಚಾರದ ಅರ್ಧದಷ್ಟು ಗಮನವಾದರೂ ಇಳಿಯಲು ದಾರಿ ತೋರುವ ಉಪಕರಣಗಳಿಗೆ ಸಿಗಬೇಕೆಂಬುದು ನನ್ನ ಬಹುದಿನದ ತಕರಾರು.

ಟಿಕೆಟ್ ಗುಮಾಸ್ತ:

ಇಪ್ಪತ್ತು ವರ್ಷಗಳಿಂದ ಟಿಕೆಟ್ ಮಾಡಿಸುವ ಕೆಲಸದಲ್ಲಿದ್ದೇನೆ, ಆದ್ದರಿಂದ ಹಣದ ವಿಚಾರ ಬರೆಯುತ್ತೇನೆ. ಮಂಜು ವಿಮಾನ ಸಂಸ್ಥೆಯ ಹಿಡಿತದಲ್ಲಿಲ್ಲದ ಕಾರಣವಾದ್ದರಿಂದ ಡಿಜಿಸಿಎ (ವಿಮಾನಯಾನ ನಿಯಂತ್ರಿಸುವ ಸರ್ಕಾರಿ ಸಂಸ್ಥೆ) ನಿಯಮದಂತೆ ನಗದು ಪರಿಹಾರ ಸಿಗುವುದಿಲ್ಲ. ಬದಲಿ ವಿಮಾನವನ್ನೋ ಪೂರ್ಣ ಹಣವನ್ನೋ ಕೇಳುವ ಹಕ್ಕು ಮಾತ್ರ ಉಳಿಯುತ್ತದೆ.

ನಿಮ್ಮ ನಿಜವಾದ ನಷ್ಟ ಎರಡನೆಯ ಟಿಕೆಟ್ಟಿನದು. ಪ್ರತ್ಯೇಕ ಟಿಕೆಟ್ ಆಗಿದ್ದರಿಂದ ದೆಹಲಿಯ ವಿಮಾನದವರ ಲೆಕ್ಕದಲ್ಲಿ ನೀವು ಸುಮ್ಮನೆ ಬಾರದೆ ಉಳಿದ ಪ್ರಯಾಣಿಕರು. ಎರಡೂ ಹಾರಾಟ ಒಂದೇ ಪಿಎನ್‌ಆರ್‌ನಲ್ಲಿ ಇದ್ದಿದ್ದರೆ ಮುಂದಿನ ವಿಮಾನಕ್ಕೆ ಹತ್ತಿಸುವ ಹೊಣೆ ವಿಮಾನ ಸಂಸ್ಥೆಯದೇ ಆಗುತ್ತಿತ್ತು. ಆದರೆ ‘ಪೂರ್ತಿ ಮುಳುಗಿತು’ ಎಂದು ಬರೆದಿದ್ದೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಪ್ರಯಾಣ ಮಾಡದೆ ಉಳಿದ ಟಿಕೆಟ್ಟಿನಲ್ಲಿಯೂ ಸರ್ಕಾರಿ ತೆರಿಗೆ ಮತ್ತು ನಿಲ್ದಾಣದ ಬಳಕೆದಾರರ ಶುಲ್ಕಗಳನ್ನು ಹಿಂದಿರುಗಿಸಬೇಕೆಂಬ ನಿಯಮವಿದೆ. ಕೇಳಿದವರಿಗೆ ಸಿಗುತ್ತದೆ, ಕೇಳುವವರು ಕಡಿಮೆ. ಈಗಲೂ ಬರಹದಲ್ಲಿ ಕೇಳಿ. ಉತ್ತರ ಬಾರದಿದ್ದರೆ ವಿಮಾನ ಪ್ರಯಾಣಿಕರ ದೂರುಗಳಿಗೆಂದೇ ಇರುವ ಸರ್ಕಾರಿ ಜಾಲತಾಣ ‘ಏರ್‌ಸೇವಾ’ದಲ್ಲಿ ದೂರು ದಾಖಲಿಸಿ.

ಜನವರಿಯ ಟಿಕೆಟ್ ಬಗ್ಗೆ: ದಿನದ ಮೊದಲ ವಿಮಾನ ಹಿಡಿದರೆ ಕ್ಷೇಮ ಎಂಬುದು ಮಳೆಗಾಲದ ಬುದ್ಧಿವಾದ, ಏಕೆಂದರೆ ಆಗ ಗುಡುಗು ಮಳೆ ಬರುವುದು ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಚಳಿಗಾಲಕ್ಕೆ ಅದು ತಲೆಕೆಳಗಾಗುತ್ತದೆ. ದೆಹಲಿಯನ್ನು ಹಗಲು ಎರಡರಿಂದ ಐದು ಗಂಟೆಯೊಳಗೆ ತಲುಪುವ ವಿಮಾನ ನೋಡಿ. ಡಿಸೆಂಬರ್ 10ರಿಂದ ಫೆಬ್ರವರಿ 10ರವರೆಗೆ ದೆಹಲಿಗೆ ಮಂಜಿನ ಅವಧಿ ಎಂದೇ ಅಧಿಕೃತವಾಗಿ ಗುರುತಿಸಿದ್ದಾರೆ. ಅಪ್ಪನವರಿಗೆ ವಯಸ್ಸಾಗಿದ್ದರೆ ಹಿಂದಿನ ರಾತ್ರಿಯ ರೈಲಿನಲ್ಲಿ ಬೆಂಗಳೂರಿಗೆ ಬಂದು ವಿಶ್ರಾಂತಿ ಪಡೆದು, ಮಧ್ಯಾಹ್ನದ ವಿಮಾನ ಹತ್ತುವುದನ್ನೇ ನಾನು ಹೇಳುತ್ತೇನೆ. ನನ್ನ ಕಮಿಷನ್ ಕಡಿಮೆಯಾದರೂ ಚಿಂತೆಯಿಲ್ಲ.

ಬಯಲುಸೀಮೆಯವ:

ಎಲ್ಲರಿಗೂ ಧನ್ಯವಾದಗಳು. ರೈಲಿನ ಸಲಹೆ ಅಪ್ಪನಿಗೂ ಹಿಡಿಸಿದೆ, ಟಿಕೆಟ್ ಮಾಡಿಸಿದ್ದೇನೆ. ಗಾಳಿಮಾಪಕರೇ, ಅಂದು ಬೆಂಗಳೂರಿನಲ್ಲಿ ನಿಜವಾಗಿಯೂ ಮಂಜಿತ್ತೇ ಎಂದು ಈಗ ಪರೀಕ್ಷಿಸಲು ದಾರಿಯಿದೆಯೇ?

ಗಾಳಿಮಾಪಕ:

ಇದೆ. ದೊಡ್ಡ ನಿಲ್ದಾಣಗಳು ಅರ್ಧ ಗಂಟೆಗೊಮ್ಮೆ ಹೊರಡಿಸುವ ‘ಮೆಟಾರ್’ ಎಂಬ ಹವಾಮಾನ ವರದಿಗಳ ಹಳೆಯ ದಾಖಲೆ ಅಂತರ್ಜಾಲದಲ್ಲಿ ಸಿಗುತ್ತದೆ. ಬೆಂಗಳೂರಿನ ಸಂಕೇತ ವಿಒಬಿಎಲ್. ಸಮಯವನ್ನು ಗ್ರೀನಿಚ್ ಲೆಕ್ಕದಲ್ಲಿ ಬರೆದಿರುತ್ತಾರೆ, ಆದ್ದರಿಂದ ಐದೂವರೆ ಗಂಟೆ ಕೂಡಿಸಿಕೊಳ್ಳಿ; 0130 ಎಂದಿದ್ದರೆ ನಮ್ಮ ಬೆಳಗಿನ ಏಳು. ಗಾಳಿಯ ವಿವರದ ನಂತರ ಬರುವ ನಾಲ್ಕು ಅಂಕಿಗಳೇ ಗೋಚರತೆ: 0200 ಎಂದರೆ 200 ಮೀಟರ್, 9999 ಎಂದರೆ 10 ಕಿಲೋಮೀಟರ್ ಅಥವಾ ಹೆಚ್ಚು. ‘ಎಫ್‌ಜಿ’ ಎಂಬ ಅಕ್ಷರಗಳಿದ್ದರೆ ಮಂಜು.

ಬಯಲುಸೀಮೆಯವ:

ನೋಡಿದೆ. ಏಳು ಗಂಟೆಗೆ 0150, ಎಫ್‌ಜಿ. ಎಂಟೂವರೆಗೆ 3000. ಮಂಜಿನ ಮಾತು ಸುಳ್ಳಲ್ಲ ಎಂದಾಯಿತು. ಆದರೆ ಎಂಟೂವರೆಗೇ ಮಂಜು ಸರಿದಿದ್ದರೂ ರದ್ದಾದ ವಿಚಾರ ಹತ್ತೂವರೆಯವರೆಗೆ ನಮಗೇಕೆ ತಿಳಿಯಲಿಲ್ಲ ಎಂದು ಕೇಳಿ ಪತ್ರ ಬರೆದಿದ್ದೇನೆ, ತೆರಿಗೆಯ ಹಣಕ್ಕೂ ಬೇರೆಯಾಗಿ ಅರ್ಜಿ ಹಾಕಿದ್ದೇನೆ.

ಟಿಕೆಟ್ ಗುಮಾಸ್ತ:

ಮೊದಲ ಪತ್ರಕ್ಕೆ ಅಚ್ಚು ಹಾಕಿದ ವಿಷಾದದ ಉತ್ತರ ಬರುತ್ತದೆ. ಎರಡನೆಯದಕ್ಕೆ ಹಣ ಬರುತ್ತದೆ. ಬಂದ ಮೇಲೆ ಎಷ್ಟೆಂದು ಇಲ್ಲಿ ತಿಳಿಸಿ.